ಹೆಣ್ಣು ಒಂದು, ಗಂಡು ಸೊನ್ನೆ

ಲಿಂಗ ಸಮಾನತೆ ನನ್ನ ತಲೆಗೆ ಬಂದು ಕೂತದ್ದು ಜುಂಬಾ ಕುಣಿತದಿಂದ. ನಾನು ವ್ಯಾಯಾಮದ ಮೇಡಂ. ಹೆಸರು ನೆಲಿಯಾ ಫಾಮಾ. ಇಲೊಯ್ಲೊ ಕಡೆ ಸಮುದ್ರದಂಡೆಯ ಒಂದು ಊರಿನ ಖಾಸಗಿ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಸೀಟಿ ಊದುತ್ತಿದ್ದೇನೆ. ಪ್ರತಿ ಕಾಲೇಜಿನಲ್ಲೂ ಲಿಂಗ ಸಮಾನತಾ ಘಟಕ ಇರಲೇಬೇಕು ಎಂದು ಮೇಲಿನಿಂದ ಆದೇಶ ಬಂದಾಗ ಅದಕ್ಕೆ ಸಂಚಾಲಕಿ ಯಾರು ಎಂಬ ಪ್ರಶ್ನೆ ಎದ್ದಿತು. ಮಾರ್ಚ್ ನಮ್ಮಲ್ಲಿ ಮಹಿಳಾ ಮಾಸ. ಮಹಿಳಾ ಮಾಸವೆಂದರೆ ನೇರಳೆ ಅಂಗಿ ತೊಟ್ಟು ಮೈದಾನದಲ್ಲಿ ಜುಂಬಾ ಕುಣಿಯುವುದು. ಕುಣಿಸಲು ಬರುವುದು ನನಗೊಬ್ಬಳಿಗೇ. ಹಾಗಾಗಿ ನಾನೇ ಸಂಚಾಲಕಿಯಾದೆ.

ಕಚೇರಿ ಎಂದು ಚೆಂಡು, ಬಲೆ, ಹಗ್ಗ ಇಡುವ ಕೋಣೆಯ ಅರ್ಧ ಭಾಗ ಕೊಟ್ಟರು. ಒಂದು ಮೇಜು ಕೊಟ್ಟರು. ಆ ಮೇಜಿನ ಡ್ರಾಯರಿನಲ್ಲಿ ನಮ್ಮ ದೇಶದ ಮಹಿಳಾ ಕಾಯ್ದೆಯ ಒಂದು ಪ್ರತಿ ಮೊದಲೇ ಇತ್ತು. ಯಾರೂ ಅದನ್ನು ಬಿಚ್ಚಿರಲಿಲ್ಲ, ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ನಾನೂ ಬಿಚ್ಚಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ದೊಡ್ಡ ಹೋರಾಟಗಾರ್ತಿ ಅಂದುಕೊಳ್ಳಬಾರದು.

ನಮ್ಮಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ. ಏನು ಮಾಡುವುದಿದ್ದರೂ ಮೊದಲು ಬ್ಯಾನರ್. ಬ್ಯಾನರಿನಲ್ಲಿ ಕಾಲೇಜಿನ ಯಜಮಾನರ ಮುಖ, ಪಕ್ಕದಲ್ಲಿ ಅವರ ಸೊಸೆಯ ಮುಖ, ಉಳಿದ ಜಾಗದಲ್ಲಿ ಕಾರ್ಯಕ್ರಮದ ಹೆಸರು. ಆಮೇಲೆ ಹಾಜರಿ ಹಾಳೆ. ಅದರಲ್ಲಿ ಹೆಸರು, ಸಹಿ, ಕೆಳಗೆ ಹೆಣ್ಣೆಷ್ಟು ಗಂಡೆಷ್ಟು ಎಂಬ ಲೆಕ್ಕ. ಕೊನೆಗೆ ಬ್ಯಾನರ್ ಮುಂದೆ ಎಲ್ಲರೂ ಹಲ್ಲು ಕಿರಿದು ಒಂದು ಫೋಟೊ. ಹೊಸ ನಲ್ಲಿ ಹಾಕಿಸಿದರೂ ಫೋಟೊ, ತಲೆಸುತ್ತು ಬಂದ ಹುಡುಗಿಗೆ ನರ್ಸಮ್ಮ ಮಾತ್ರೆ ಕೊಟ್ಟರೂ ಫೋಟೊ. ಆ ಹುಡುಗಿ ಮಾತ್ರೆ ನುಂಗುವ ಮೊದಲು ಕ್ಯಾಮೆರಾ ಕಡೆ ನೋಡಬೇಕು. ಇದು ಯಜಮಾನರ ಸೊಸೆ, ನಮ್ಮ ಉಪಾಧ್ಯಕ್ಷೆ ಪುರೀತಾ ಸಲ್ವಿಲ್ಯಾ ಅವರ ಕಟ್ಟಪ್ಪಣೆ. ಅವರನ್ನು ಎಲ್ಲರೂ ಡಾಕ್ಟರಮ್ಮ ಅನ್ನುತ್ತೇವೆ. ಮದ್ದು ಕೊಡುವ ಡಾಕ್ಟರ್ ಅಲ್ಲ, ಪ್ರಬಂಧ ಬರೆದು ಆದ ಡಾಕ್ಟರ್.

"ಫೋಟೊ ಇಲ್ಲ ಅಂದ್ರೆ ಕೆಲಸ ಆಗೇ ಇಲ್ಲ ಅಂತ ಅರ್ಥ, ನೆಲಿಯಾ. ತಪಾಸಣೆಗೆ ಬರೋರಿಗೆ ನಿನ್ನ ಮನಸ್ಸು ಕಾಣಲ್ಲ, ಕಡತ ಕಾಣುತ್ತೆ," ಎಂದು ನನಗೆ ನೂರು ಸಲ ಹೇಳಿದ್ದರು.

ಈ ವರ್ಷ ಮಾರ್ಚ್ ಎರಡನೇ ಶುಕ್ರವಾರ ಮನಿಲಾದಿಂದ ತಪಾಸಣಾ ತಂಡ ಬರುವುದಿತ್ತು. ಸಮಾನತೆಯ ಕಾರ್ಯಕ್ರಮಗಳನ್ನು ಚೆನ್ನಾಗಿ ಜಾರಿಗೆ ತಂದ ಖಾಸಗಿ ಕಾಲೇಜುಗಳಿಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದು ಬೇಕೆಂದು ಡಾಕ್ಟರಮ್ಮ ಹಟ ಹಿಡಿದಿದ್ದರು. ಕಡತ ಜೋಡಿಸುವ ಕೆಲಸ ನನ್ನದು. ಸೋಮವಾರ ಬೆಳಿಗ್ಗೆ ಒಂದೊಂದು ವಿಭಾಗದಿಂದ ಬಂದ ಲಕೋಟೆ ಬಿಚ್ಚಿ, ಫೋಟೊಗಳನ್ನು ಅಂಟಿಸುತ್ತ ಕೂತಿದ್ದೆ. ಫುಟ್‌ಬಾಲುಗಳ ರಬ್ಬರ್ ವಾಸನೆಯಲ್ಲಿ ತಲೆ ಸಿಡಿಯುತ್ತಿತ್ತು.

ಆಪ್ತ ಸಲಹಾ ವಿಭಾಗದ ಲಕೋಟೆಯಿಂದ ಒಂದು ಫೋಟೊ ಹೊರಗೆ ಬಂತು.

ಫೋಟೊದಲ್ಲಿ ಒಂದು ಮೇಜು. ಹಿಂದೆ ಗೋಡೆಗೆ ನೇರಳೆ ಬ್ಯಾನರ್, "ಸಮಾನತೆಯತ್ತ ಒಟ್ಟಾಗಿ" ಎಂದು. ಮೇಜಿನ ಮುಂದೆ ಜೊವಿಲಿನ್ ನುಫಾಬ್ಲೆ ಕೂತಿದ್ದಳು. ಕೈಯಲ್ಲಿ ಪೆನ್ನು. ಕಣ್ಣು ಊದಿ ಕೆಂಪಾಗಿದೆ, ಮೂಗಿನ ತುದಿಯೂ ಕೆಂಪು. ಡಾಕ್ಟರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಕೆಳಗೆ ಟೈಪು ಮಾಡಿದ ಸಾಲು: "ಗರ್ಭಿಣಿ ವಿದ್ಯಾರ್ಥಿನಿಗೆ ಆಪ್ತ ಸಲಹೆ. ಫಲಾನುಭವಿಗಳು: ಹೆಣ್ಣು ಒಂದು, ಗಂಡು ಸೊನ್ನೆ."

ಜೊವಿಲಿನ್ ಅಂದರೆ ಯಾರು ಅಂದುಕೊಂಡಿರಿ? ಶಿಕ್ಷಕರ ತರಬೇತಿಯ ನಾಲ್ಕನೇ ವರ್ಷದ ಹುಡುಗಿ. ಹೋದ ವರ್ಷದ ಮಹಿಳಾ ಮಾಸದ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವಳಿಗೇ. ಮುಂದಿನ ಸೋಮವಾರದಿಂದ ಆರು ವಾರ ಊರಿನ ಪ್ರಾಥಮಿಕ ಶಾಲೆಯಲ್ಲಿ ಅವಳು ಅಭ್ಯಾಸ ಪಾಠ ಮಾಡಬೇಕಿತ್ತು. ಪಾಠ ಮಾಡುವವರ ಹೆಸರಿನ ಪಟ್ಟಿ ಶುಕ್ರವಾರ ಸಂಜೆ ಐದರೊಳಗೆ ಆ ಶಾಲೆಗೆ ಹೋಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಈ ವರ್ಷ ಪದವಿ ಇಲ್ಲ. ಮುಂದಿನ ವರ್ಷ ಬರುತ್ತೇನೆಂದು ಹೋದ ಹುಡುಗಿಯರು ಎಷ್ಟು ಮಂದಿ ಬಂದಿದ್ದಾರೆ ಎಂಬುದು ನನಗೆ ಗೊತ್ತು.

ಲಕೋಟೆಯೊಳಗೆ ಅವಳ ಕೈಬರಹದ ಪತ್ರವೂ ಇತ್ತು. "ನನ್ನ ಸ್ವಂತ ಇಚ್ಛೆಯಿಂದ ಒಂದು ವರ್ಷ ರಜೆ ಕೋರುತ್ತೇನೆ." ಅಕ್ಷರಗಳು ನಡುಗಿದ್ದವು. ಜೊತೆಗೆ ಒಂದು ಸಲಹಾ ವರದಿ. ಅದರ ಕೆಳಗೆ "ಲಿಂಗ ಸಮಾನತಾ ಸಂಚಾಲಕಿಯ ಸಹಿ" ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದರು. ನನಗಾಗಿ.

ನನ್ನ ಮೈ ಉರಿದುಹೋಯಿತು. ಹುಡುಗಿಯನ್ನು ಹೊರಗೆ ಹಾಕಿದ್ದಲ್ಲದೆ ಅದರ ಫೋಟೊ ತೆಗೆದು, ಅದನ್ನು ಸಾಧನೆ ಎಂದು ಕಡತಕ್ಕೆ ಸೇರಿಸಲು ಕಳಿಸಿದ್ದಾರಲ್ಲ! ಇವರಿಗೆ ನಾಚಿಕೆಯಾದರೂ ಬೇಡವೇ? ಕಳ್ಳನೂ ಕದಿಯುವಾಗ ಫೋಟೊ ತೆಗೆಸಿಕೊಳ್ಳುವುದಿಲ್ಲ. ಫೋಟೊ ತೆಗೆದೂ ತೆಗೆದೂ ಇವರಿಗೆ ಯಾವುದನ್ನು ತೋರಿಸಬೇಕು, ಯಾವುದನ್ನು ಬಚ್ಚಿಡಬೇಕು ಎಂಬ ಪರಿವೆಯೇ ಹೋಗಿತ್ತು.

ಎದ್ದವಳೇ ಲಕೋಟೆ ಹಿಡಿದು ಡಾಕ್ಟರಮ್ಮನ ಕೋಣೆಗೆ ಹೋದೆ. ಏಸಿಯ ತಣ್ಣನೆ ಗಾಳಿಯಲ್ಲಿ ಕೂತು ಅವರು ಶುಕ್ರವಾರದ ಊಟದ ಪಟ್ಟಿ ನೋಡುತ್ತಿದ್ದರು.

"ಬಾ ಬಾ. ಪನ್ಸಿತ್ ಶಾವಿಗೆ ಸಾಕಾ, ಅಥವಾ ಒಂದು ಇಡೀ ಹಂದಿ ಸುಡಿಸೋಣ್ವಾ?"

"ಡಾಕ್ಟರಮ್ಮ, ಜೊವಿಲಿನ್‌ಳನ್ನ ಯಾಕೆ ಕಳಿಸಿದ್ರಿ?"

"ಕಳಿಸಿದ್ದು ಯಾರು? ಅವಳೇ ಬರ್ಕೊಟ್ಟಳಲ್ಲ."

"ಅಳ್ತಾ ಬರ್ಕೊಟ್ಟಿದ್ದಾಳೆ."

"ಅಳು ಬರುತ್ತೆ ಕಣೆ. ಈ ಟೈಮಲ್ಲಿ ಹೆಂಗಸರಿಗೆ ಎಲ್ಲಕ್ಕೂ ಅಳು ಬರುತ್ತೆ. ನೀನು ಹೆತ್ತಿಲ್ಲ, ನಿನಗೆ ಗೊತ್ತಾಗಲ್ಲ."

ಈ ಮಾತು ಅವರು ನನಗೆ ಎಸೆಯುತ್ತಿದ್ದುದು ಮೊದಲ ಸಲವೇನಲ್ಲ. ನುಂಗಿಕೊಂಡೆ.

"ಮತ್ತೆ ಡರ್ವಿನ್?" ಅಂದೆ.

ಡರ್ವಿನ್ ಹಬ್ಲೆರೊ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಮೂರು ವರ್ಷ ಅವನೂ ಜೊವಿಲಿನ್ನೂ ಒಂದೇ ಟ್ರೈಸಿಕಲ್ ಗಾಡಿಯಲ್ಲಿ ಬಂದು ಹೋದದ್ದನ್ನು ಗೇಟಿನ ನಾಯಿಯೂ ನೋಡಿದೆ. ಶುಕ್ರವಾರ ಜುಂಬಾ ಆದಮೇಲೆ ಗಂಡುಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಹೆಣ್ಣನ್ನು ಗೌರವಿಸುತ್ತೇನೆ, ಅವಳ ಜೊತೆಗೆ ನಿಲ್ಲುತ್ತೇನೆ" ಎಂಬ ಪ್ರತಿಜ್ಞೆ ಓದಿಸುವವನು ಇವನೇ.

ಡಾಕ್ಟರಮ್ಮ ಕನ್ನಡಕ ತೆಗೆದರು. "ಡರ್ವಿನ್‌ದೇನು? ಅವನು ಕೈಪಿಡಿಯಲ್ಲಿ ಇರೋ ಯಾವ ನಿಯಮ ಮುರಿದಿದ್ದಾನೆ, ಹೇಳು?"

"ಅವಳು ಯಾವುದು ಮುರಿದಳು?"

"ಅವಳ ಹೊಟ್ಟೆ ಕಾಣುತ್ತೆ, ನೆಲಿಯಾ. ಐದು ತಿಂಗಳು. ಮೂರನೇ ಕ್ಲಾಸಿನ ಮಕ್ಕಳ ಮುಂದೆ ಹೋಗಿ ಬೋರ್ಡ್ ಮೇಲೆ ಬರೀತಾ ನಿಂತ್ಲು ಅನ್ಕೋ, ತಾಯಂದಿರು ಏನಂತಾರೆ? ಕಾಲೇಜಿನ ಹೆಸರೇನಾಗ್ಬೇಕು? ಆ ಹುಡುಗನ ಹಣೆ ಮೇಲೆ ಏನಾದ್ರೂ ಬರೆದಿದ್ಯಾ?"

"ಕಾಣದೇ ಇದ್ರೆ ತಪ್ಪಿಲ್ಲ ಅಂತೀರಾ?"

"ನಾನು ಏನೂ ಅಂತಿಲ್ಲ. ನೀನು ಸಹಿ ಹಾಕಿ ಕಡತಕ್ಕೆ ಸೇರಿಸು. ಗರ್ಭಿಣಿಗೂ ನಾವು ಸಲಹೆ ಕೊಡ್ತೀವಿ ಅಂತ ಅವರಿಗೆ ಗೊತ್ತಾಗ್ಲಿ. ಬೇರೆ ಯಾವ ಕಾಲೇಜೂ ಇಂಥದ್ದನ್ನ ತೋರಿಸಲ್ಲ, ಗೊತ್ತಾ?"

ಅವರು ಹೇಳಿದ್ದು ನಿಜ. ಬೇರೆ ಯಾವ ಕಾಲೇಜೂ ತೋರಿಸುವುದಿಲ್ಲ. ನಾನು ಲಕೋಟೆ ಎತ್ತಿಕೊಂಡು ಹೊರಗೆ ಬಂದೆ. ಮಾತಾಡಲು ನನಗೆ ಯಾವ ಮುಖವಿತ್ತು? ಎರಡು ವರ್ಷದ ಹಿಂದೆ ಇಂಥದೇ ಒಂದು ವರದಿಗೆ ನಾನೇ ಸಹಿ ಹಾಕಿದ್ದೆ.

ಅವಳ ಹೆಸರು ಅನಲೀಸಾ. ನರ್ಸಿಂಗ್ ಓದುತ್ತಿದ್ದಳು, ನನ್ನ ವಾಲಿಬಾಲ್ ತಂಡದಲ್ಲಿ ಆಡುತ್ತಿದ್ದಳು, ಬಾಲು ಎತ್ತಿ ಕೊಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳಿಂದಲೂ ಹೀಗೇ ಪತ್ರ ಬರೆಸಿದರು. ಡಾಕ್ಟರಮ್ಮ ಹಾಳೆ ಮುಂದಿಟ್ಟಾಗ ನಾನು ಓದಲೂ ಇಲ್ಲ. ಜುಂಬಾದ ಸ್ಪೀಕರ್ ಕೆಟ್ಟಿತ್ತು, ಆ ಗಡಿಬಿಡಿಯಲ್ಲಿ ಗೀಚಿದೆ. ಈಗ ಅವಳು ಸಂತೆಯಲ್ಲಿ ಒಣಮೀನು ಮಾರುತ್ತಾಳೆ, ಕಾಲ ಬಳಿ ಮಗು ಆಡುತ್ತಿರುತ್ತದೆ. ಪ್ರತಿ ಭಾನುವಾರ ನಾನು ಅವಳ ಹತ್ತಿರವೇ ಮೀನು ಕೊಳ್ಳುತ್ತೇನೆ. ನನ್ನ ಮನೆಯಲ್ಲಿ ಒಣಮೀನು ತಿನ್ನುವವರು ಯಾರೂ ಇಲ್ಲ.

ಕೋಣೆಗೆ ಬಂದು ಡ್ರಾಯರ್ ಎಳೆದು ಆ ಕಾಯ್ದೆಯ ಪ್ಲಾಸ್ಟಿಕ್ ಹರಿದೆ. ಹುಡುಕಲು ಕಾಲು ಗಂಟೆಯೂ ಬೇಕಾಗಲಿಲ್ಲ. ಮದುವೆಯಾಗದೆ ಬಸಿರಾದಳು ಎಂಬ ಒಂದೇ ಕಾರಣಕ್ಕೆ ಯಾವ ಶಾಲೆಯೂ ವಿದ್ಯಾರ್ಥಿನಿಯನ್ನು ಹೊರಗೆ ಹಾಕುವಂತಿಲ್ಲ, ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. ಸ್ಪಷ್ಟವಾಗಿ, ಮಗುವಿಗೂ ಅರ್ಥವಾಗುವ ಹಾಗೆ ಬರೆದಿತ್ತು. 2009ರಿಂದ ಅದು ಕಾನೂನು. ಅನಲೀಸಾ ಅಳುತ್ತ ಮೆಟ್ಟಿಲಿಳಿದು ಹೋದ ದಿನ ಈ ಪುಸ್ತಕ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮಂಗಳವಾರ ಮಧ್ಯಾಹ್ನ ಕೊನೆಯ ತರಗತಿ ಬಿಟ್ಟು ಜೊವಿಲಿನ್ ಮನೆಗೆ ಹೋದೆ. ಅವಳ ತಾಯಿ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ನನ್ನನ್ನು ಕಂಡು ಏಳಲಿಲ್ಲ, ಕೂರು ಎನ್ನಲಿಲ್ಲ.

"ಇನ್ನೇನು ಬಾಕಿ ಇದೆ ಮೇಡಂ? ಐಡಿ ಕಿತ್ಕೊಂಡ್ರಿ, ಪತ್ರ ಬರೆಸ್ಕೊಂಡ್ರಿ. ಯೂನಿಫಾರಮ್ಮೂ ಬೇಕಾ? ಅಲ್ಲಿ ಒಣಗ್ತಿದೆ, ತಗೊಂಡ್ಹೋಗಿ."

"ಅಮ್ಮಾ," ಎಂದು ಒಳಗಿಂದ ಜೊವಿಲಿನ್ ಬಂದಳು.

"ನೀನು ಸುಮ್ನಿರು. ನಾಲ್ಕು ವರ್ಷ ಕಾಲೇಜಲ್ಲಿ ಭಾಷಣ ಮಾಡಿಸಿದ್ರು. ಹೆಣ್ಣು ಹಾಗೆ, ಹೆಣ್ಣು ಹೀಗೆ. ನಾನು ಹೋಗಿ ಚಪ್ಪಾಳೆ ಹೊಡೆದು ಬಂದೆ. ಈಗ ಹೆಣ್ಣಿಗೆ ಹೊಟ್ಟೆ ಬಂದ್ರೆ ಇವರಿಗೆ ಮಾನ ಹೋಗುತ್ತಂತೆ!" ಅವರ ಬೆರಳುಗಳು ಬಿದಿರಿನ ಸೀಳನ್ನು ರಪರಪ ಎಳೆಯುತ್ತಿದ್ದವು. "ಆ ಹುಡುಗ ಬಂದು ನಾಲ್ಕು ಮಾವಿನಹಣ್ಣು ಇಟ್ಟು ಹೋದ. ಪರೀಕ್ಷೆ ಇದೆಯಂತೆ ಅವನಿಗೆ. ಪಾಪ!"

ನಾನು ನಿಂತೇ ಇದ್ದೆ. ಬೈಸಿಕೊಳ್ಳಬೇಕಾದವಳೇ ನಾನು. ಅವರು ಬೈದು ಮುಗಿಸಿದ ಮೇಲೆ ಜೊವಿಲಿನ್‌ಳನ್ನು ಕೇಳಿದೆ, "ಅಲ್ಲಿ ಏನಾಯ್ತು, ಹೇಳ್ತೀಯಾ?"

"ಏನಾಗ್ಬೇಕು ಮೇಡಂ. ನಾನು ಬರೆಯಲ್ಲ ಅಂದೆ. ಬರೆಯದೇ ಹೋದ್ರೆ ನಡತೆ ಪತ್ರ ಕೊಡಲ್ಲ ಅಂದ್ರು. ಬರೆದೆ. ಬರೆದ ಮೇಲೆ ಫೋಟೊಗ್ರಾಫರ್‌ನ ಕರೆದ್ರು. ನಾನು ಅಳ್ತಾ ಇದ್ದೆನಲ್ಲ, ಡಾಕ್ಟರಮ್ಮ ಅಂದ್ರು, 'ಸ್ವಲ್ಪ ನಗು ಮಗಳೇ, ಇದು ಮನಿಲಾಕ್ಕೆ ಹೋಗುತ್ತೆ' ಅಂತ. ನನಗೆ ಎಲ್ಲಕ್ಕಿಂತ ಅದೇ ಸಹಿಸಕ್ಕಾಗಲ್ಲ ಮೇಡಂ. ಹೊರಗೆ ಹಾಕ್ತೀರಾ, ಹಾಕಿ. ನಗು ಅಂತ ಯಾಕೆ ಹೇಳ್ಬೇಕು?"

ಕಾಯ್ದೆಯ ಪುಟವನ್ನು ಅವಳಿಗೆ ತೋರಿಸಿದೆ. ಅವಳು ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು. ತಾಯಿಯ ಕೈ ನಿಂತಿತು.

"ಡಾಕ್ಟರಮ್ಮ ಆ ಫೋಟೊನ ಕಡತಕ್ಕೆ ಹಾಕು ಅಂದಿದ್ದಾರೆ. ನಾನು ಹಾಕ್ತೀನಿ. ಅದರ ಹಿಂದೇನೇ ನಿನ್ನ ಪತ್ರಾನೂ ಹಾಕ್ತೀನಿ. ನಿನಗೆ ಏನು ಹೇಳಿದ್ರು ಅಂತ ನೀನೇ ಬರೆದುಕೊಡು, ಅದನ್ನೂ ಹಾಕ್ತೀನಿ. ಪಕ್ಕದಲ್ಲಿ ಈ ಪುಟ. ಬೇಡ ಅಂದ್ರೆ ಒಂದೂ ಹಾಕಲ್ಲ, ಫೋಟೊನೂ ಹರಿದು ಹಾಕ್ತೀನಿ. ನಿನ್ನ ಹೆಸರು ಕಪ್ಪು ಮಸಿಯಲ್ಲಿ ಮುಚ್ತೀನಿ, ಯಾರಿಗೂ ಗೊತ್ತಾಗಲ್ಲ."

ಅವಳು ಒಣಗುತ್ತಿದ್ದ ಯೂನಿಫಾರಂ ಕಡೆ ನೋಡಿದಳು. ಕೈ ಹೊಟ್ಟೆಯ ಮೇಲಿತ್ತು.

"ಹೆಸರು ಮುಚ್ಚಬೇಡಿ," ಅಂದಳು. "ಮುಚ್ಚಿದ್ರೆ ನಾನೇ ಏನೋ ತಪ್ಪು ಮಾಡಿದ ಹಾಗೆ ಕಾಣುತ್ತೆ. ನನ್ನ ಹೆಸರು ಇರ್ಲಿ. ಪಟ್ಟೀಲಿ ಬೇಕಾದ್ದೂ ಅದೇ ಹೆಸರು ತಾನೇ?"

"ನಿಮ್ಮ ಕೆಲಸ ಹೋಗುತ್ತೆ ಮೇಡಂ," ಎಂದರು ತಾಯಿ, ಮೊದಲ ಬಾರಿಗೆ ನನ್ನ ಮುಖ ನೋಡಿ. ಆಮೇಲೆ ಒಳಗೆ ಹೋಗಿ ಒಂದು ಸ್ಟೂಲು ತಂದು ಹಾಕಿದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಮೈದಾನ ನೇರಳೆಯಾಗಿತ್ತು. ನಾನೂ ನೇರಳೆ ಅಂಗಿ ಹಾಕಿ, ಸೀಟಿ ಕಚ್ಚಿ, ಆರುನೂರು ಹುಡುಗ ಹುಡುಗಿಯರನ್ನು ಎಡಕ್ಕೆ ಬಲಕ್ಕೆ ಕುಣಿಸಿದೆ. ಜೀವನದಲ್ಲಿ ಅಷ್ಟು ಸಿಟ್ಟಿನಿಂದ ನಾನು ಯಾವತ್ತೂ ಕುಣಿದಿಲ್ಲ. ಆಮೇಲೆ ಡರ್ವಿನ್ ವೇದಿಕೆ ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಬಲಗೈ ಎತ್ತಿ "ಅವಳ ಜೊತೆಗೆ ನಿಲ್ಲುತ್ತೇನೆ" ಅಂದ. ಮುನ್ನೂರು ಗಂಡುದನಿಗಳು "ನಿಲ್ಲುತ್ತೇನೆ" ಎಂದವು. ಅದೇ ಹೊತ್ತಿಗೆ ಗೇಟಿನ ಹೊರಗೆ, ಬಿಸಿಲಿನಲ್ಲಿ, ಕಬ್ಬಿಣದ ಸರಳು ಹಿಡಿದು ಜೊವಿಲಿನ್ ನಿಂತಿದ್ದಳು. ಐಡಿ ಇಲ್ಲದವರನ್ನು ಕಾವಲುಗಾರ ಒಳಗೆ ಬಿಡುವುದಿಲ್ಲ. ಅವಳ ಪಕ್ಕದಲ್ಲಿ ಕೊಡೆ ಹಿಡಿದು ಅವಳ ತಾಯಿ.

ಹತ್ತು ಗಂಟೆಗೆ ಸಭಾಕೋಣೆಯಲ್ಲಿ ತಪಾಸಣೆ ಶುರುವಾಯಿತು. ತಂಡದ ಮುಖ್ಯಸ್ಥೆ ಮಿಸೆಸ್ ಒಲಿವಾರ್ ಅರವತ್ತರ ಆಸುಪಾಸಿನ ಹೆಂಗಸು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವ ಪೈಕಿ. ಡಾಕ್ಟರಮ್ಮ ಪಕ್ಕದಲ್ಲೇ ಕೂತು ವಿವರಿಸುತ್ತಿದ್ದರು. "ಇದು ಜುಂಬಾ. ಇದು ಭಿತ್ತಿಚಿತ್ರ ಸ್ಪರ್ಧೆ. ಇದು ನಮ್ಮ ಮಹಿಳಾ ಸಿಬ್ಬಂದಿಗೆ ಕೇಕ್ ಮಾಡೋ ತರಬೇತಿ." ಮಿಸೆಸ್ ಒಲಿವಾರ್ ಹೂಂ, ಹೂಂ ಎನ್ನುತ್ತ ಹೋದರು.

ಆ ಪುಟ ಬಂತು. ಎಂಜಲು ಹಚ್ಚಿದ ಬೆರಳು ಅಲ್ಲೇ ನಿಂತಿತು.

"ಇದೇನು?"

"ಆಪ್ತ ಸಲಹೆ ಮೇಡಂ," ಎಂದರು ಡಾಕ್ಟರಮ್ಮ ಹೆಮ್ಮೆಯಿಂದ. "ನಮ್ಮಲ್ಲಿ ಗರ್ಭಿಣಿ ವಿದ್ಯಾರ್ಥಿನಿಯರ ಬಗ್ಗೆ ಕೂಡ ಕಾಳಜಿ ಇದೆ."

"ಹೆಣ್ಣು ಒಂದು, ಗಂಡು ಸೊನ್ನೆ," ಎಂದು ಮಿಸೆಸ್ ಒಲಿವಾರ್ ಓದಿದರು. "ಗಂಡು ಸೊನ್ನೆ ಯಾಕೆ?"

"ಅಂದ್ರೆ... ಬಸಿರಾಗಿದ್ದು ಹುಡುಗಿ ಅಲ್ವಾ ಮೇಡಂ," ಎಂದು ಡಾಕ್ಟರಮ್ಮ ನಕ್ಕರು.

"ಒಬ್ಬಳೇ ಆದಳಾ?"

ಮಿಸೆಸ್ ಒಲಿವಾರ್ ಪುಟ ತಿರುವಿದರು. ರಜೆ ಪತ್ರ. ಇನ್ನೊಂದು ಪುಟ. ಜೊವಿಲಿನ್ ಬರೆದುಕೊಟ್ಟ ಎರಡು ಹಾಳೆ, "ಸ್ವಲ್ಪ ನಗು ಮಗಳೇ" ಎಂಬುದೂ ಸೇರಿದಂತೆ. ಇನ್ನೊಂದು ಪುಟ. ಕಾಯ್ದೆ. ಅವರು ನಿಧಾನವಾಗಿ, ಒಂದಕ್ಷರವೂ ಬಿಡದೆ ಓದಿದರು. ಡಾಕ್ಟರಮ್ಮ ಮೊದಲು ಹಾಳೆಗಳ ಕಡೆ, ಆಮೇಲೆ ನನ್ನ ಕಡೆ ನೋಡಿದರು. ಅವರ ಮುಖದ ಪೌಡರ್ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣವಾಯಿತು.

"ಇದನ್ನ ಇಲ್ಲಿ ಯಾರು ಹಾಕಿದ್ದು?" ಎಂದು ನನ್ನತ್ತ ಬಗ್ಗಿ ಹಲ್ಲು ಕಚ್ಚಿ ಕೇಳಿದರು.

"ನೀವೇ ಹೇಳಿದ್ರಲ್ಲ ಡಾಕ್ಟರಮ್ಮ, ಕಡತದಲ್ಲಿ ಇಲ್ಲದೇ ಇದ್ರೆ ಕೆಲಸ ಆಗೇ ಇಲ್ಲ ಅಂತ. ಆದದ್ದನ್ನೆಲ್ಲ ಹಾಕಿದ್ದೀನಿ."

ಮಿಸೆಸ್ ಒಲಿವಾರ್ ತಲೆಯೆತ್ತಿದರು. "ಈ ಹುಡುಗಿ ಈಗ ಎಲ್ಲಿದ್ದಾಳೆ?"

"ಗೇಟಿನ ಹೊರಗೆ ಮೇಡಂ. ಏಳು ಗಂಟೆಯಿಂದ ಬಿಸಿಲಲ್ಲಿ ನಿಂತಿದ್ದಾಳೆ. ಐಡಿ ಕಿತ್ತುಕೊಂಡಿದ್ದಾರೆ, ಒಳಗೆ ಬಿಡಲ್ಲ."

ಕರೆಸಿದರು. ಜೊವಿಲಿನ್ ಯೂನಿಫಾರಂ ಹಾಕಿಕೊಂಡೇ ಬಂದಿದ್ದಳು, ಸೊಂಟದ ಗುಂಡಿ ಹಾಕಲಾಗದೆ ಪಿನ್ನು ಚುಚ್ಚಿದ್ದಳು. ತಾಯಿ ಬಾಗಿಲಲ್ಲೇ ನಿಂತರು. ಅಧ್ಯಕ್ಷನೆಂದು ಡರ್ವಿನ್ನನ್ನೂ ಸಭೆಗೆ ಕರೆದಿದ್ದರು. ಅವನು ಕೊನೆಯ ಕುರ್ಚಿಯಲ್ಲಿ ಕೂತು ನೆಲದ ಟೈಲ್ಸ್ ಎಣಿಸತೊಡಗಿದ.

"ಕೂತ್ಕೋಮ್ಮ. ಆ ಮಗುವಿನ ತಂದೆ ಇದೇ ಕಾಲೇಜಲ್ಲಿ ಓದ್ತಿದ್ದಾನಾ?"

"ಹೌದು ಮೇಡಂ. ಬೆಳಿಗ್ಗೆ ಎಲ್ಲರಿಗೂ ಪ್ರತಿಜ್ಞೆ ಓದಿಸಿದ್ನಲ್ಲ, ಅವನೇ."

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಆ ಕೊನೆಯ ಕುರ್ಚಿಯ ಕಡೆ ತಿರುಗಿದರು. ಡರ್ವಿನ್ನನ ಕಿವಿ ಸುಟ್ಟ ಹಾಗೆ ಕೆಂಪಾಯಿತು. ಏಳಲೂ ಇಲ್ಲ, ಬಾಯಿ ಬಿಡಲೂ ಇಲ್ಲ.

"ಛೇ ಛೇ, ಹಾಗಿದ್ರೆ ಅವನ ಮೇಲೂ ಕ್ರಮ ತಗೋತೀವಿ," ಎಂದು ಡಾಕ್ಟರಮ್ಮ ಗಡಬಡಿಸಿ ಎದ್ದರು. "ಇವತ್ತೇ! ಅವನನ್ನೂ ರಜೆ ಮೇಲೆ ಕಳಿಸ್ತೀವಿ. ಸಮಾನತೆ ಅಂದ್ರೆ ಸಮಾನತೆ."

"ಅವನನ್ನ ಹೊರಗೆ ಹಾಕಿ ಅಂತ ನಾನು ಕೇಳ್ತಿಲ್ಲ," ಎಂದಳು ಜೊವಿಲಿನ್. "ಅವನನ್ನ ಹೇಗೆ ಒಳಗೆ ಇಟ್ಕೊಂಡಿದ್ದೀರೋ ಹಾಗೇ ನನ್ನನ್ನೂ ಇಟ್ಕೊಳ್ಳಿ ಅಂತ ಕೇಳ್ತಿದ್ದೀನಿ. ನನಗೆ ಸೋಮವಾರ ಪಾಠ ಇದೆ. ಮೂರನೇ ಕ್ಲಾಸಿಗೆ ಗುಣಾಕಾರ. ಪಾಠದ ಚಾರ್ಟ್ ಎಲ್ಲ ಬರೆದಿಟ್ಟಿದ್ದೀನಿ ಮೇಡಂ."

ಬಾಗಿಲಲ್ಲಿ ಅವಳ ತಾಯಿ ಕೈಯಿಂದಲೇ ಮುಖ ಒರೆಸಿಕೊಂಡರು. ಮಿಸೆಸ್ ಒಲಿವಾರ್ ಕಡತ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟು, ಡಾಕ್ಟರಮ್ಮನನ್ನು ನೋಡುತ್ತ ಕೂತರು.

ಡಾಕ್ಟರಮ್ಮನಂಥವರ ಒಂದು ಗುಣ ನೋಡಿ, ಗಾಳಿ ಎತ್ತ ಬೀಸುತ್ತದೆಂದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ. "ಅಯ್ಯೋ, ಇದೆಲ್ಲ ಏನೋ ಅಪಾರ್ಥ ಆಗಿದೆ," ಎಂದು ಬಂದು ಜೊವಿಲಿನ್‌ಳ ಹೆಗಲು ಬಳಸಿದರು. "ಮಗಳೇ, ಖಂಡಿತ ಪಾಠ ಮಾಡು. ನಿನ್ನಂಥವರೇ ನಮ್ಮ ಕಾಲೇಜಿನ ಹೆಮ್ಮೆ. ಎಲ್ಲಿ, ಫೋಟೊಗ್ರಾಫರ್ ಎಲ್ಲಿ? ಆ ಬ್ಯಾನರ್ ಈ ಕಡೆ ಎಳೀರಿ! ಮಿಸೆಸ್ ಒಲಿವಾರ್, ನೀವೂ ಬನ್ನಿ, ನೀವು ಈ ಪಕ್ಕ..."

ಬ್ಯಾನರ್ ಎಳೆದರು, ಕುರ್ಚಿ ಸರಿಸಿದರು, ಸಿಬ್ಬಂದಿಯೆಲ್ಲ ಅಭ್ಯಾಸಬಲದಿಂದ ಸಾಲಾಗಿ ನಿಂತೇಬಿಟ್ಟರು. ನಾನೂ ಒಂದು ಹೆಜ್ಜೆ ಇಟ್ಟಿದ್ದೆ, ದೇವರಾಣೆ.

ಜೊವಿಲಿನ್ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದಳು. "ಮೊದಲು ಸಹಿ, ಡಾಕ್ಟರಮ್ಮ."

"ಆಮೇಲೆ ಹಾಕ್ತೀನಿ ಕಣೆ, ಎಲ್ಲಿಗೆ ಹೋಗುತ್ತೆ?"

"ಸಂಜೆ ಐದಕ್ಕೆ ಪಟ್ಟಿ ಹೋಗುತ್ತೆ. ಈಗ ಹಾಕಿ."

ಪಟ್ಟಿ ತರಿಸಿದರು. ಹದಿನೇಳನೆಯ ಹೆಸರಾಗಿ ಜೊವಿಲಿನ್ ನುಫಾಬ್ಲೆ ಎಂದು ನಾನೇ ಬರೆದೆ. ಡಾಕ್ಟರಮ್ಮ ಕೆಳಗೆ ಸಹಿ ಮಾಡಿದರು. ಜೊವಿಲಿನ್ ತನ್ನ ರಜೆ ಪತ್ರವನ್ನು ವಾಪಸು ಕೇಳಿದಳು. ಅದು ಕಡತದಲ್ಲೇ ಇರಲಿ, ಮೇಲೆ "ರದ್ದು" ಎಂದು ಬರೆಯಿರಿ ಎಂದರು ಮಿಸೆಸ್ ಒಲಿವಾರ್. ಡಾಕ್ಟರಮ್ಮ ಅದನ್ನೂ ಬರೆದರು.

"ಆಯ್ತಲ್ಲ? ಬಾ ಈಗ, ನಡುವೆ ನಿಂತ್ಕೋ. ಸ್ವಲ್ಪ ನಗು."

"ಫೋಟೊ ಬೇಡ," ಎಂದಳು ಜೊವಿಲಿನ್. "ನನ್ನ ಫೋಟೊ ಆಗಲೇ ಕಡತದಲ್ಲಿದೆ."

ಪಟ್ಟಿಯನ್ನು ಎದೆಗೆ ಒತ್ತಿ ಹಿಡಿದು ಅವಳು ಹೊರಗೆ ನಡೆದಳು, ತಾನೇ ಶಾಲೆಗೆ ತಲುಪಿಸುತ್ತೇನೆಂದು. ತಾಯಿ ಕೊಡೆ ಬಿಚ್ಚಿ ಹಿಂದೆಯೇ ಓಡಿದರು. ಒಳಗೆ ಸಾಲು ಹಾಗೇ ನಿಂತಿತ್ತು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಫೋಟೊಗ್ರಾಫರ್ ಏನು ಮಾಡಬೇಕೆಂದು ತೋಚದೆ ಒತ್ತಿಯೇಬಿಟ್ಟ.

ಜೊವಿಲಿನ್ ಆರು ವಾರ ಪಾಠ ಮಾಡಿದಳು. ಯಾವ ತಾಯಿಯೂ ಏನೂ ಅನ್ನಲಿಲ್ಲ. ಒಬ್ಬರು ಹಸಿ ಪಪ್ಪಾಯಿ ತಿನ್ನಬೇಡ ಎಂದರು, ಅಷ್ಟೇ. ಕಾಲೇಜಿಗೆ ಪ್ರಮಾಣಪತ್ರ ಈ ವರ್ಷ ಸಿಗಲಿಲ್ಲ, ಕೈಪಿಡಿ ತಿದ್ದಿದ ಮೇಲೆ ನೋಡೋಣ ಎಂದು ಪತ್ರ ಬಂತು. ನನ್ನನ್ನು ಘಟಕದಿಂದ ತೆಗೆದರು. ಈಗ ಗ್ರಂಥಪಾಲಕಿ ಸಂಚಾಲಕಿ. ಪಾಪ, ಅವರಿಗೆ ಕುಣಿಯಲು ಬರುವುದಿಲ್ಲ.

ಮೇಜು ಬಿಟ್ಟುಕೊಡುವ ದಿನ ಡ್ರಾಯರ್ ಖಾಲಿ ಮಾಡಿದೆ. ಕಾಯ್ದೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ, ಕಚೇರಿಯಿಂದ ಮರುಪ್ರವೇಶದ ಒಂದು ಅರ್ಜಿ ತೆಗೆದುಕೊಂಡೆ, ಭಾನುವಾರ ಸಂತೆಗೆ ಹೋದೆ. ಅನಲೀಸಾ ತಕ್ಕಡಿ ಕೆಳಗಿಟ್ಟು, ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ಗುರುತು ಹಾಕಿದ್ದ ಆ ಪುಟವನ್ನು ಓದಿದಳು. ಮಗು ಅವಳ ಮೊಣಕಾಲು ಹಿಡಿದು ಎದ್ದು ನಿಲ್ಲುತ್ತಿತ್ತು.

"ಇದು ಹೊಸ ಕಾನೂನಾ ಮೇಡಂ?"

"ಅಲ್ಲ. ಹಳೇದು."

"ನನ್ನನ್ನ ಕಳಿಸಿದಾಗಲೂ ಇತ್ತಾ?"

"ಇತ್ತು."

"ಆಗ ಈ ಪುಸ್ತಕ ಎಲ್ಲಿತ್ತು?"

ಸುಳ್ಳು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು.

"ನನ್ನ ಡ್ರಾಯರಲ್ಲೇ ಇತ್ತು ಕಣೆ," ಅಂದೆ.

ಅವಳು ಅರ್ಜಿಯನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಪುಸ್ತಕವನ್ನು ನನಗೆ ಹಿಂದಿರುಗಿಸಿದಳು. ಆ ಭಾನುವಾರ ನನಗೆ ಮೀನು ಕೊಡಲಿಲ್ಲ.